ಅಜ್ಜಿಯ ಬಾಗಿಲಿಗೆ ನಾನು ಹಾಕಿದ ರಂಗೋಲಿ

ಇಂದಿರಾನಗರದ ಮೂರನೆಯ ಮಹಡಿಯ ಫ್ಲಾಟಿನಲ್ಲಿ ನನಗೆ ಐದು ದಿನ ಜ್ವರ ಬಂದದ್ದೇ ಇದಕ್ಕೆಲ್ಲ ಮೂಲ. ತೊಂಬತ್ತರ ದಶಕದ ಕೊನೆಯ ಮಾತು. ನಾನು ಮದುವೆಯಾಗದವಳು, ಶಿವಾಜಿನಗರದ ಒಂದು ಶಾಲೆಯಲ್ಲಿ ಕನ್ನಡ ಟೀಚರು. ಹಾಸಿಗೆಯಿಂದ ಏಳಲಾಗದೆ ಬಿದ್ದುಕೊಂಡು, ಬಾಗಿಲಿಗೆ ನೇತುಹಾಕಿದ ಚೀಲದಲ್ಲಿ ಹಾಲಿನ ಪ್ಯಾಕೆಟ್ಟುಗಳು ಹಾಗೇ ಉಳಿದಿರುವುದನ್ನು ನೋಡಿ ಯಾರಾದರೂ ಬೆಲ್ ಒತ್ತಿಯಾರು ಎಂದು ಕಾದೆ. ಆರನೆಯ ದಿನ ಗೋಡೆ ಹಿಡಿದುಕೊಂಡು ಹೋಗಿ ಬಾಗಿಲು ತೆರೆದರೆ ಚೀಲ ಖಾಲಿ. ಹಾಲು ಕೆಟ್ಟುಹೋಗುತ್ತದಲ್ಲ ಎಂದು ವಾಚ್‌ಮನ್ ದಿನವೂ ಒಯ್ದು ಕಾಫಿ ಮಾಡಿಕೊಂಡಿದ್ದ. ಎದುರು ಫ್ಲಾಟಿನವರನ್ನು ಕೇಳಿದರೆ, ನೀವು ಊರಿಗೆ ಹೋಗಿದ್ದೀರಿ ಅಂದುಕೊಂಡೆವು ಎಂದರು. ನನಗೆ ಯಾವ ಊರು? ಹುಟ್ಟಿದ್ದು, ಬೆಳೆದದ್ದು ಅಲ್ಲೇ ಪಕ್ಕದ ಹಲಸೂರಿನಲ್ಲಿ. ಅವರ ಮಾತಿಗೆ ಮೈ ಉರಿದುಹೋಯಿತು.

ಹಲಸೂರಿನ ನಮ್ಮ ವಠಾರದಲ್ಲಿ ಎಂಟು ಮನೆ, ಒಂದು ನಲ್ಲಿ, ಒಂದು ಒರಳುಕಲ್ಲು. ಅದನ್ನು ಸ್ವರ್ಗ ಎಂದು ಹೇಳುವಷ್ಟು ಮರೆವು ನನಗೆ ಬಂದಿಲ್ಲ. ನಲ್ಲಿಯ ಮುಂದೆ ಜುಟ್ಟು ಹಿಡಿದು ಜಗಳವಾಡಿದವರನ್ನು ಕಂಡಿದ್ದೇನೆ. ಆದರೆ ಅಮ್ಮ ಬೆಳಿಗ್ಗೆ ಕೊಡ ಹಿಡಿದು ನಲ್ಲಿಗೆ ಹೋಗುವಾಗ ಎಂಟೂ ಹೊಸ್ತಿಲುಗಳ ಮೇಲೆ ಒಮ್ಮೆ ಕಣ್ಣಾಡಿಸುತ್ತಿದ್ದಳು. ಯಾರ ಮನೆಯ ಮುಂದೆ ಗುಡಿಸಿಲ್ಲವೋ, ರಂಗೋಲಿ ಬಿದ್ದಿಲ್ಲವೋ, ಆ ಬಾಗಿಲು ತಟ್ಟಿ ಯಾಕೆ ಎಂದು ಕೇಳಿಯೇ ಮುಂದೆ ಹೋಗುವಳು. ಹಿಂದಿನ ದಿನ ಜಗಳವಾಡಿ ಮಾತು ಬಿಟ್ಟಿದ್ದರೂ ಕೇಳುವಳು. ಇದನ್ನು ನಾನು ದಿನವೂ ನೋಡಿದ್ದೆ. ನೋಡಿಯೂ ನನಗೆ ಏನೂ ಅರ್ಥವಾಗಿರಲಿಲ್ಲ ಎಂಬುದು ಮುಂದೆ ಗೊತ್ತಾಯಿತು.

ಜ್ವರ ಬಿಟ್ಟ ಮೇಲೆ ನಾನು ಹಟ ಹಿಡಿದೆ. ಹಾಗೆಯೇ ಬದುಕಬೇಕು, ಕಡಿಮೆ ಸಾಮಾನು, ಹತ್ತಿರದ ಜನ. ಟೀವಿ, ಫ್ರಿಜ್ಜು, ವಾಷಿಂಗ್ ಮಷೀನು ಎಲ್ಲ ಕೊಟ್ಟುಬಿಟ್ಟೆ. ನಿನಗೆ ತಲೆ ಕೆಟ್ಟಿದೆ ಎಂದು ಸ್ಟಾಫ್ ರೂಮಿನಲ್ಲಿ ನಕ್ಕರು. ಹಲಸೂರಿನ ವಠಾರ ಆಗಲೇ ಉರುಳಿ ಅಲ್ಲಿ ನಾಲ್ಕಂತಸ್ತಿನ ಅಂಗಡಿ ಎದ್ದಿತ್ತು. ಹುಡುಕಿ ಹುಡುಕಿ ರಾಮಮೂರ್ತಿ ನಗರದಲ್ಲಿ ಒಂದು ಸಾಲುಮನೆ ಹಿಡಿದೆ. ಎದುರುಬದುರು ಮೂರು ಮೂರು ಮನೆ, ನಡುವೆ ಎರಡು ಕೈ ಚಾಚುವಷ್ಟು ಅಗಲದ ಸಂದಿ, ಸಂದಿಯ ಕೊನೆಗೆ ಒಂದು ನಲ್ಲಿ, ಒಂದು ಒಗೆಯುವ ಕಲ್ಲು. ಮೇಲಿನ ಮಹಡಿಯಲ್ಲಿ ಓನರ್. ಆಗ ಕೆ.ಆರ್. ಪುರದ ತೂಗುಸೇತುವೆಯ ಕೆಲಸ ನಡೆಯುತ್ತಿತ್ತು. ಟಿನ್ ಫ್ಯಾಕ್ಟರಿ ದಾಟಿ ಶಾಲೆ ಮುಟ್ಟುವಷ್ಟರಲ್ಲಿ ಸೀರೆಯ ಬಣ್ಣವೇ ಬದಲಾಗುತ್ತಿತ್ತು. ಆದರೂ ನಾನು ಖುಷಿಯಾಗಿದ್ದೆ. ಒಂದು ತಿಂಗಳು.

ಪಕ್ಕದ ಮನೆಗಳಿಗೆ ಸಾರು, ಪಲ್ಯ ಹಂಚಿದೆ. ಭಾನುವಾರ ಎಲ್ಲರೂ ಕೂತು ಒಟ್ಟಿಗೆ ಹಪ್ಪಳ ಮಾಡೋಣ ಎಂದೆ. ಮೂರು ಮನೆಯವರು ಬೆಳಿಗ್ಗೆ ಹೋದರೆ ಕತ್ತಲಾದ ಮೇಲೆ ಬರುವವರು. ಒಬ್ಬರು ಗಾರ್ಮೆಂಟ್ಸು, ಒಬ್ಬರು ಕೊರಿಯರ್, ಒಬ್ಬರು ಮಾರತ್ತಹಳ್ಳಿಯ ಅಂಗಡಿ. ಅವರಿಗೆ ಭಾನುವಾರ ಎಂದರೆ ನಿದ್ದೆ. ನನ್ನ ಉತ್ಸಾಹ ನೋಡಿ ಕೊರಿಯರ್‌ನವನು ನಗರಸಭೆ ಎಲೆಕ್ಷನ್ನಿಗೆ ನಿಲ್ಲುತ್ತೀರಾ ಎಂದು ಕೇಳಿದ. ತಮಾಷೆಗಲ್ಲ, ನಿಜವಾಗಿಯೇ ಕೇಳಿದ. ಹಪ್ಪಳದ ಹಿಟ್ಟನ್ನು ನಾನೊಬ್ಬಳೇ ಲಟ್ಟಿಸಿದೆ.

ಮಾತಿಗೆ ಸಿಕ್ಕವರು ಇಬ್ಬರೇ. ಒಬ್ಬರು ನನ್ನ ಎದುರು ಮನೆಯ ಅಜ್ಜಿ. ರಾಯಚೂರು ಕಡೆಯವರು, ವಯಸ್ಸು ಅರವತ್ತು ದಾಟಿತ್ತು. ಗಂಡ ಸತ್ತ ಮೇಲೆ ಬೆಂಗಳೂರಿಗೆ ಬಂದು, ವಿಮಾನಪುರದಲ್ಲಿ ಒಂದು ಕ್ಯಾಂಟೀನಿನಲ್ಲಿ ಇಪ್ಪತ್ತು ವರ್ಷ ರೊಟ್ಟಿ ಬಡಿದು, ಹೆಗಲು ಸೋತು ಬಿಟ್ಟಿದ್ದರು. ಮಕ್ಕಳಿಲ್ಲ. ಊರಲ್ಲಿ ಒಬ್ಬ ತಂಗಿಯ ಮಗ. ಇನ್ನೊಬ್ಬಳು ಅಜ್ಜಿಯ ಪಕ್ಕದ ಮನೆಯ ಹುಡುಗಿ, ಶಿವಾಜಿನಗರದ ಮುಸ್ಲಿಂ ಮನೆಯವಳು, ಮದುವೆಯಾಗಿ ಎರಡು ವರ್ಷ. ಗಂಡ ಕಂಪನಿಯೊಂದರ ಕ್ಯಾಬ್ ಓಡಿಸುತ್ತಿದ್ದ, ರಾತ್ರಿ ಪಾಳಿ. ಅವಳು ಅಜ್ಜಿಯನ್ನು ನಾನಿ ಎನ್ನುತ್ತಿದ್ದಳು. ನನ್ನ ಹತ್ತಿರ ಮಾತ್ರ, ಶಾಲೆಯಲ್ಲಿ ಎದ್ದು ನಿಂತು ಉತ್ತರ ಕೊಡುವ ಹಾಗೆ ಮಾತಾಡುವಳು. ಟೀಚರ್ ಎಂಬ ಹೆಸರು ಬಿದ್ದ ಮೇಲೆ ಅದನ್ನು ತೊಳೆದುಕೊಳ್ಳುವುದು ಕಷ್ಟ.

ಅಜ್ಜಿಗೆ ಇದ್ದದ್ದು ಒಂದೇ ಭಯ. ಅದನ್ನು ಅವರು ಮುಚ್ಚಿಡಲಿಲ್ಲ. ಅವರ ಜೊತೆ ಕ್ಯಾಂಟೀನಿನಲ್ಲಿದ್ದ ಒಬ್ಬ ಹೆಂಗಸು ಬಾಡಿಗೆ ರೂಮಿನಲ್ಲಿ ಬಿದ್ದು ಸತ್ತದ್ದು ಮೂರು ದಿನ ಯಾರಿಗೂ ಗೊತ್ತಾಗಲಿಲ್ಲವಂತೆ. ಅದನ್ನು ನನಗೆ ಹೇಳುವಾಗ ಅಜ್ಜಿ ಅಕ್ಕಿ ಆರಿಸುತ್ತಿದ್ದರು.

"ಮಂದಿಗಿ ಗೊತ್ತಾಗದಂಗ ಬಿದ್ದಿರಬಾರದವ್ವಾ," ಎಂದರು. "ಸಾಯೂದು ಹೆಂಗಾರ ಸಾಯ್ಲಿ. ಅವತ್ತ ಗೊತ್ತಾಗಬೇಕು."

ನಾನು ನನ್ನ ಜ್ವರದ ಕತೆ ಹೇಳಿದೆ. ಹಾಲಿನ ಪ್ಯಾಕೆಟ್ಟಿನ ವಿಷಯಕ್ಕೆ ಅವರು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ನಾನಿರುವಾಗ ನಿಮಗೆ ಆ ಗತಿ ಬರುವುದಿಲ್ಲ ಅಜ್ಜಿ ಎಂದು ಎದೆ ತಟ್ಟಿಕೊಂಡು ಹೇಳಿದೆ. ಹೇಳಿದ್ದು ಸುಳ್ಳಲ್ಲ, ಅದನ್ನು ಮನಸ್ಸಿನಿಂದಲೇ ಹೇಳಿದ್ದೆ. ಇಂದಿರಾನಗರ ಬಿಟ್ಟು ಬಂದದ್ದು ಸಾರ್ಥಕವಾಯಿತು ಎಂದುಕೊಂಡು ಅವತ್ತು ನೆಮ್ಮದಿಯಾಗಿ ಮಲಗಿದೆ.

ಅಜ್ಜಿ ಬೆಳಿಗ್ಗೆ ಆರಕ್ಕೆ ಮೊದಲು ಎದ್ದು ತಮ್ಮ ಬಾಗಿಲ ಮುಂದೆ ಗುಡಿಸಿ, ನೀರು ಹಾಕಿ, ಒಂದೇ ಒಂದು ರಂಗೋಲಿ ಎಳೆಯುತ್ತಿದ್ದರು. ಐದು ಚುಕ್ಕಿ, ಅದರ ಸುತ್ತ ಒಂದು ಎಳೆ, ನಾಲ್ಕು ಮೂಲೆಗೆ ನಾಲ್ಕು ಗೀಟು, ಬಲಗಡೆಯ ಗೀಟು ಮಾತ್ರ ಸ್ವಲ್ಪ ಉದ್ದ. ಹಬ್ಬವಿರಲಿ, ಅಮಾವಾಸ್ಯೆ ಇರಲಿ ಅದೇ. ಗಂಡ ಸತ್ತವರು ಹಾಕಬಾರದು ಎಂದು ಓನರ್ ಹೆಂಡತಿ ಒಮ್ಮೆ ಮೂಗು ತೂರಿಸಿದ್ದಳಂತೆ. ಹಾಗಾದರೆ ನೀನೇ ಬಂದು ಹಾಕಿ ಹೋಗು ಎಂದು ಅಜ್ಜಿ ಹೇಳಿದ ಮೇಲೆ ಬಾಯಿ ಮುಚ್ಚಿಕೊಂಡಳಂತೆ.

ಹಪ್ಪಳದಲ್ಲಿ ಸೋತ ನಾನು ಈ ರಂಗೋಲಿಯನ್ನು ಹಿಡಿದುಕೊಂಡೆ. ನನಗೆ ನಾಲ್ಕೂವರೆಗೆ ಎಚ್ಚರವಾಗುವ ಅಭ್ಯಾಸ. ಇಡೀ ಸಂದಿಯನ್ನು ನಾನೇ ಗುಡಿಸಿ ಎಲ್ಲ ಬಾಗಿಲಿಗೂ ರಂಗೋಲಿ ಹಾಕಿದರೆ ಜನ ಎದ್ದು ಬಾಗಿಲು ತೆರೆಯುವಾಗಲೇ ಇದು ಒಂದು ವಠಾರ ಅನ್ನಿಸೀತು ಎಂದು ನನ್ನ ಲೆಕ್ಕ. ಅಜ್ಜಿಯ ಪಕ್ಕದ ಮನೆ ಹುಡುಗಿಯ ಬಾಗಿಲಿಗೆ ಗುಡಿಸಿ ನೀರು ಮಾತ್ರ ಹಾಕುವುದು, ಉಳಿದ ಐದು ಮನೆಗೆ ರಂಗೋಲಿ. ಮೊದಲ ವಾರ ಎಲ್ಲರೂ ಮೆಚ್ಚಿದರು. ಎರಡನೆಯ ವಾರ ಗಾರ್ಮೆಂಟ್ಸಿನವರ ಹೆಂಡತಿ, ನಮ್ಮದು ಇವತ್ತು ಚಿಕ್ಕದಾಯ್ತಲ್ಲ ಟೀಚರ್ ಎಂದಳು. ಸಿಟ್ಟು ಬಂತು, ಆದರೂ ನಾನೇ ಬೇಡಿ ತಂದುಕೊಂಡ ಕೆಲಸ ಎಂದು ನುಂಗಿಕೊಂಡೆ.

ಅಜ್ಜಿ ಮಾತ್ರ ಮೊದಲ ದಿನವೇ ಬೇಡ ಎಂದರು. "ಬ್ಯಾಡವ್ವಾ. ನನ್ನ ಬಾಗಲದ ಕೆಲಸ ನಾ ಮಾಡ್ಕೋತೀನಿ."

ನಾನು ಅದನ್ನು ದಾಕ್ಷಿಣ್ಯ ಎಂದುಕೊಂಡೆ. ಮರುದಿನವೂ ಹಾಕಿದೆ. ಅವರು ಎದ್ದು ಬಂದು ನನ್ನ ರಂಗೋಲಿಯನ್ನು ನೀರು ಸುರಿದು ತೊಳೆದು, ತಮ್ಮ ಐದು ಚುಕ್ಕಿಯದನ್ನು ಎಳೆದರು. ಮೂರು ದಿನ ಇದೇ ನಡೆಯಿತು. ನಾಲ್ಕನೆಯ ದಿನ ನಾನು ಮುಖ ಗಂಟು ಹಾಕಿಕೊಂಡು, ನನ್ನ ಕೈಯದು ನಿಮಗೆ ಆಗುವುದಿಲ್ಲವೇ ಎಂದು ಕೇಳಿಬಿಟ್ಟೆ. ಅಜ್ಜಿ ಏನೋ ಹೇಳಲು ಹೋಗಿ, ಪಕ್ಕದ ಬಾಗಿಲ ಕಡೆ ನೋಡಿ ಸುಮ್ಮನಾದರು. ಹೇಳದೆ ಉಳಿದ ಆ ಮಾತು ಏನೆಂದು ನಾನು ಕೇಳಲಿಲ್ಲ. ಕೇಳುವುದಕ್ಕಿಂತ ಮುನಿಸಿಕೊಳ್ಳುವುದು ನನಗೆ ಸುಲಭವಾಗಿತ್ತು.

ಅದಾಗಿ ಕೆಲವು ದಿನಕ್ಕೆ ಅವರ ಮೊಣಕಾಲು ಊದಿಕೊಂಡಿತು. ಬಗ್ಗಲು ಆಗುತ್ತಿರಲಿಲ್ಲ. ಈಗಲಾದರೂ ನಾನು ಹಾಕುತ್ತೇನೆ ಎಂದೆ. ಬೇಡ ಎನ್ನುತ್ತಲೇ ಕೂತ ಕಡೆಯಿಂದ ಏಳಲು ನೋಡಿದರು, ಆಗಲಿಲ್ಲ. ಅವರಿಗೆ ಬೇಜಾರಾಗದಿರಲಿ ಎಂದು ನಾನು ಒಂದು ಉಪಾಯ ಮಾಡಿದೆ. ಅವರ ಬಾಗಿಲಿಗೆ ನನ್ನ ರಂಗೋಲಿ ಬಿಟ್ಟು ಅವರದನ್ನೇ ಎಳೆದೆ. ಐದು ಚುಕ್ಕಿ, ಒಂದು ಎಳೆ, ನಾಲ್ಕು ಗೀಟು, ಬಲಗಡೆಯದು ಸ್ವಲ್ಪ ಉದ್ದ. ಕರಿಹಲಗೆಯ ಮೇಲೆ ಬರೆದು ಬರೆದು ಪಳಗಿದ ಕೈ. ಅಜ್ಜಿ ಬಾಗಿಲು ಹಿಡಿದು ನಿಂತು ನೋಡಿ, ಇದು ನನ್ನ ಕೈಯದೇ ಎನ್ನಬೇಕು ಎಂದರು. ಮೊಣಕಾಲು ನೆಟ್ಟಗಾಗುವ ತನಕ ಅಷ್ಟೇ ಎಂದು ಒಪ್ಪಿಕೊಂಡರು. ನಾನು ಬೆನ್ನು ತಟ್ಟಿಕೊಂಡೆ. ಯಾರೂ ಏಳುವ ಮೊದಲೇ ಕೆಲಸ ಮುಗಿಸುತ್ತಿದ್ದುದರಿಂದ ಅದನ್ನು ಹಾಕುವವರು ಬದಲಾದದ್ದು ಸಂದಿಯಲ್ಲಿ ಯಾರಿಗೂ ತಿಳಿಯಲಿಲ್ಲ.

ಎರಡು ವಾರ ಕಳೆದಿರಬೇಕು. ಆ ಭಾನುವಾರ ನಾನು ಮನೆಯಲ್ಲೇ ಕೂತು ಪರೀಕ್ಷೆಯ ಉತ್ತರಪತ್ರಿಕೆ ತಿದ್ದುತ್ತಿದ್ದೆ. ಅಜ್ಜಿಯ ಬಾಗಿಲು ಮುಚ್ಚಿತ್ತು. ಕಾಲು ಚೆನ್ನಾಗಿದ್ದಾಗ ಅವರು ಭಾನುವಾರ ಮಾರತ್ತಹಳ್ಳಿಗೆ ಹೋಗಿ, ಅಲ್ಲಿ ಶೆಡ್ಡುಗಳಲ್ಲಿದ್ದ ತಮ್ಮ ಊರಿನವರನ್ನು ಮಾತಾಡಿಸಿಕೊಂಡು ಬರುವ ರೂಢಿ ಇತ್ತು. ನೋವು ಇಳಿದಿದೆ, ಹೋಗಿದ್ದಾರೆ ಅಂದುಕೊಂಡೆ. ಇಂದಿರಾನಗರದ ಎದುರು ಫ್ಲಾಟಿನವರು ಅಂದುಕೊಂಡ ಹಾಗೆಯೇ ಅಂದುಕೊಂಡೆ. ಬಾಗಿಲಿಗೆ ಬೀಗ ಇದೆಯೇ ಎಂದು ತಲೆ ಎತ್ತಿ ನೋಡಿದ್ದರೆ ಸಾಕಿತ್ತು.

ಸೋಮವಾರ ಬೆಳಿಗ್ಗೆ ಗುಡಿಸುವಾಗ ಅಜ್ಜಿಯ ಬಾಗಿಲಲ್ಲಿ ಹಿಂದಿನ ದಿನದ ರಂಗೋಲಿ ಒಂದು ಎಳೆಯೂ ಕೆಡದೆ ಇತ್ತು. ಬೇರೆ ಬಾಗಿಲುಗಳಲ್ಲಿ ಸಂಜೆಯಾಗುವಷ್ಟರಲ್ಲಿ ಚಪ್ಪಲಿ ತುಳಿದು ಕಲಸಿಹೋಗಿರುತ್ತದೆ. ಇದು ಎಷ್ಟು ಚೆನ್ನಾಗಿ ಉಳಿದಿದೆ ಎಂದು ಸಂತೋಷಪಟ್ಟುಕೊಂಡು ಗುಡಿಸಿ, ಹೊಸದನ್ನು ಎಳೆದೆ. ಮೇಲೆ ಓನರ್ ದಿನದಂತೆ ಟ್ಯಾಂಕ್ ತುಂಬಿಸಲು ಮೋಟರ್ ಹಾಕಿದ್ದರು, ಅದರ ಸದ್ದು ಸಂದಿಯ ತುಂಬ ಇತ್ತು. ಕೈ ತೊಳೆದುಕೊಂಡು ಶಾಲೆಗೆ ಹೋದೆ.

ಸಂಜೆ ನಾಲ್ಕೂವರೆಗೆ ಬಂದು ಬೀಗ ತೆಗೆಯುತ್ತ ತಿರುಗಿ ನೋಡಿದೆ. ಬೆಳಿಗ್ಗೆಯ ರಂಗೋಲಿಯೂ ಹಾಗೇ ಇತ್ತು. ಐದು ಚುಕ್ಕಿಯಲ್ಲಿ ಒಂದೂ ಅಳಿಸಿರಲಿಲ್ಲ. ಕೀಲಿ ಅಲ್ಲೇ ಬಿಟ್ಟು ಸಂದಿ ದಾಟಿದೆ. ಹೊರಗೆ ಬೀಗವಿರಲಿಲ್ಲ. ಬಡಿದೆ, ಕೂಗಿದೆ. ಪಾಳಿಯ ನಿದ್ದೆಯಲ್ಲಿದ್ದ ಪಕ್ಕದ ಮನೆ ಹುಡುಗಿಯ ಗಂಡ ಎದ್ದು ಬಂದು ಒಳಚಿಲಕ ಮುರಿಯುವಂತೆ ಬಾಗಿಲು ಒದ್ದ.

ಅಜ್ಜಿ ಬಚ್ಚಲಿನ ಹೊಸ್ತಿಲಿಗೆ ಅಡ್ಡವಾಗಿ ಬಿದ್ದಿದ್ದರು. ಶನಿವಾರ ಸಂಜೆ ದೀಪ ಹಚ್ಚುವ ಹೊತ್ತಿಗೆ ಜಾರಿದ್ದು. ಸೊಂಟದ ಮೂಳೆ ಮುರಿದಿತ್ತು. ಬಚ್ಚಲು ಹಿಂಬದಿಗೆ, ಆಚೆ ಸೈಟಿನಲ್ಲಿ ಹಗಲೆಲ್ಲ ಗ್ರಾನೈಟ್ ಕತ್ತರಿಸುತ್ತಿದ್ದರು. ಕೂಗಿ ಕೂಗಿ ಗಂಟಲು ಒಣಗಿ, ತುಟಿ ಸೀಳಿ ರಕ್ತ ಹೆಪ್ಪುಗಟ್ಟಿತ್ತು. ಜೀವ ಇತ್ತು. ಹುಡುಗಿ ಚಮಚದಿಂದ ನೀರು ಬಿಟ್ಟಳು. ಅವಳ ಗಂಡ ಕ್ಯಾಬ್ ತಂದ. ಸಂದಿಯ ಬೇರೆ ಯಾರೂ ಆ ಹೊತ್ತಿಗೆ ಮನೆಯಲ್ಲಿರಲಿಲ್ಲ.

ಆಸ್ಪತ್ರೆಯಲ್ಲಿ ಮೂರನೆಯ ದಿನ ಅಜ್ಜಿಗೆ ಮಾತು ಬಂತು. ನಾನು ಮಂಚದ ಪಕ್ಕ ಸ್ಟೂಲಿನ ಮೇಲೆ ಕೂತು ಗಂಜಿ ಕುಡಿಸುತ್ತಿದ್ದೆ. ಎರಡು ಗುಟುಕು ಕುಡಿದು ನನ್ನ ಕೈ ಹಿಡಿದುಕೊಂಡರು.

"ನೀ ಕಸಾ ಹೊಡಿಯೂದು ಕೇಳ್ತಿತ್ತವ್ವಾ," ಎಂದರು. "ಎರಡೂ ದಿನ ಕರದೆ. ಮೋಟರ್ ಸಪ್ಪಳದಾಗ ನಿನಗ ಹೆಂಗ ಕೇಳ್ಬೇಕು, ಬಿಡು."

ಅವರು ನನ್ನನ್ನು ಸಮಾಧಾನ ಮಾಡುತ್ತಿದ್ದರು. ನಾನು ಗಂಜಿಯ ಲೋಟ ಕೆಳಗಿಟ್ಟು ವಾರ್ಡಿನ ಹೊರಗೆ ಹೋಗಿ ಅತ್ತೆ. ಬೈದಿದ್ದರೆ ಸಹಿಸಿಕೊಳ್ಳುತ್ತಿದ್ದೆ ಎಂದು ಆಗ ಅನ್ನಿಸಿತು. ಈಗ ಹಾಗೂ ಅನ್ನಿಸುವುದಿಲ್ಲ.

ಅಜ್ಜಿ ಮತ್ತೆ ನಡೆಯಲಿಲ್ಲ. ತಂಗಿಯ ಮಗ ಬಂದು ಊರಿಗೆ ಕರೆದುಕೊಂಡು ಹೋದ. ಅವರಿಗೆ ಊರಿಗೆ ಹೋಗುವ ಮನಸ್ಸಿರಲಿಲ್ಲ. ಅಲ್ಲಿ ದನದ ಕೊಟ್ಟಿಗೆಯ ಪಕ್ಕ ಹಾಕುತ್ತಾರೆ, ನೋಡುತ್ತಿರು ಎಂದು ನನ್ನ ಹತ್ತಿರ ಹೇಳಿದ್ದರು. ನಾನು ಇಟ್ಟುಕೊಳ್ಳುತ್ತೇನೆ ಎಂದು ಬಾಯಿ ತೆರೆದೆ. ಹಗಲಿಡೀ ಶಾಲೆಯಲ್ಲಿರುವವಳು, ಮಲಗಿದಲ್ಲೇ ಎಲ್ಲ ಮಾಡಿಸಬೇಕಾದವರನ್ನು ಹೇಗೆ ಇಟ್ಟುಕೊಳ್ಳಲಿ? ತೆರೆದ ಬಾಯಿ ಮುಚ್ಚಿಕೊಂಡೆ. ನಾಲ್ಕು ತಿಂಗಳಿಗೆ ಹೋಗಿಬಿಟ್ಟರು ಎಂದು ಆ ತಂಗಿಯ ಮಗನ ಫೋನು ಬಂತು. ಅವತ್ತೇ ಗೊತ್ತಾಯಿತೇ ಎಂದು ನಾನು ಅವನನ್ನು ಕೇಳಲಿಲ್ಲ.

ಇದಕ್ಕೆ ಮೊದಲೇ, ಅಜ್ಜಿಯ ಸಾಮಾನು ಕಟ್ಟಿ ಕಳಿಸಿದ ದಿನ, ಪಕ್ಕದ ಮನೆ ಹುಡುಗಿ ಖಾಲಿ ಬಾಗಿಲ ಮುಂದೆ ಕೂತಿದ್ದಳು. ನಾನೂ ಹೋಗಿ ಕೂತೆ. ಹಗಲೆಲ್ಲ ಮನೆಯಲ್ಲಿರುವವಳು ಇವಳು, ಭಾನುವಾರ, ಸೋಮವಾರ ಒಮ್ಮೆಯೂ ಈ ಬಾಗಿಲು ನೋಡಲಿಲ್ಲವೇ ಎಂಬ ಮಾತು ನನ್ನ ನಾಲಿಗೆಯ ತುದಿಯಲ್ಲಿತ್ತು. ಕೇಳಿಯೂಬಿಟ್ಟೆ. ಟೀಚರ್ ದನಿಯಲ್ಲೇ ಕೇಳಿದೆ.

"ನೋಡ್ದೆ ಟೀಚರ್," ಎಂದಳು. "ಭಾನುವಾರನೂ ನೋಡ್ದೆ, ಸೋಮವಾರನೂ ನೋಡ್ದೆ. ನಾನಿ ರಂಗೋಲಿ ಇತ್ತು. ಅದಕ್ಕೇ ಬಾಗ್ಲು ಬಡೀಲಿಲ್ಲ."

ಆಮೇಲೆ ಒಂದೊಂದಾಗಿ ಹೇಳಿದಳು. ಅವಳಿಗೆ ಚಿಕ್ಕಂದಿನಿಂದ ಫಿಟ್ಸ್ ಇತ್ತು. ಓನರಿಗೆ ತಿಳಿದರೆ ಮನೆ ಖಾಲಿ ಮಾಡಿಸುತ್ತಾರೆ ಎಂದು ಮುಚ್ಚಿಟ್ಟಿದ್ದರು. ಗಂಡ ರಾತ್ರಿ ಪಾಳಿಗೆ ಹೋದರೆ ಒಬ್ಬಳೇ. ಅದು ಗೊತ್ತಿದ್ದದ್ದು ಅಜ್ಜಿಗೆ ಮಾತ್ರ. ಇಬ್ಬರೂ ತಮ್ಮಲ್ಲೇ ಒಂದು ಒಪ್ಪಂದ ಮಾಡಿಕೊಂಡಿದ್ದರು. ಬೆಳಿಗ್ಗೆ ಏಳಕ್ಕೆ ಹುಡುಗಿ ತನ್ನ ಬಾಗಿಲ ಪರದೆಯನ್ನು ಎತ್ತಿ ಕಟ್ಟಬೇಕು, ಅಜ್ಜಿ ಅದನ್ನು ನೋಡಬೇಕು. ಅಜ್ಜಿ ಆರಕ್ಕೆ ತಮ್ಮ ರಂಗೋಲಿ ಎಳೆಯಬೇಕು, ಹುಡುಗಿ ಅದನ್ನು ನೋಡಬೇಕು. ಪರದೆ ಇಳಿದಿದ್ದರೆ, ರಂಗೋಲಿ ಇಲ್ಲದಿದ್ದರೆ ಬಾಗಿಲು ಬಡಿಯಬೇಕು, ತೆರೆಯದಿದ್ದರೆ ಜನ ಕರೆಯಬೇಕು. ಎರಡು ವರ್ಷ ಒಂದು ದಿನವೂ ತಪ್ಪಿರಲಿಲ್ಲ. ನಾನು ಏನನ್ನು ಹುಡುಕಿಕೊಂಡು ಬಂದಿದ್ದೆನೋ ಅದು ಆ ಸಂದಿಯಲ್ಲಿ ನಾನು ಬರುವ ಮೊದಲೇ ಇತ್ತು. ಸದ್ದಿಲ್ಲದೆ ಇತ್ತು.

ನಾನು ಹಾಕುತ್ತಿದ್ದ ವಿಷಯ ಅಜ್ಜಿ ನಿನಗೆ ಹೇಳಲಿಲ್ಲವೇ ಎಂದೆ. ಹುಡುಗಿಗೆ ಅರ್ಥವಾಗಲಿಲ್ಲ. ನಾನು ಬಾಯಿ ಬಿಟ್ಟು ಹೇಳಬೇಕಾಯಿತು.

"ಅದು ನಾನು ಹಾಕಿದ್ದು. ಎರಡು ವಾರದಿಂದ ನಾನೇ ಹಾಕ್ತಿದ್ದೆ. ಅಜ್ಜಿ ತರಾನೇ."

ಅವಳು ನನ್ನ ಕೈ ನೋಡಿದಳು. ಟೀಚರ್ ಕೈಯಲ್ಲಿ ಬಾಗಿಲು ಗುಡಿಸಿಕೊಳ್ಳುತ್ತಿದ್ದೇನೆ ಎನ್ನಲು ನಾನಿಗೆ ನಾಚಿಕೆಯಾಗಿರಬೇಕು, ಅದಕ್ಕೇ ಹೇಳಿಲ್ಲ ಎಂದಳು. ನನಗೆ ಹೇಳಬೇಕೆಂದರೆ ಅಜ್ಜಿ ಈ ಹುಡುಗಿಯ ಕಾಯಿಲೆಯ ಗುಟ್ಟನ್ನು ಬಿಚ್ಚಬೇಕಿತ್ತು. ಅವಳಿಗೆ ಹೇಳಬೇಕೆಂದರೆ ನಾಚಿಕೆ. ಇಬ್ಬರ ನಡುವೆ ನಾನು ಹೋಗಿ ನಿಂತು, ಇದ್ದ ಒಂದು ದಾರಿಗೂ ಕಲ್ಲು ಹಾಕಿದ್ದೆ. ಅದನ್ನೂ ಎಷ್ಟು ಚೊಕ್ಕವಾಗಿ.

ಅವಳ ಎದುರು ಕೂರಲಾಗಲಿಲ್ಲ, ಎದ್ದು ಹೋಗಲೂ ಆಗಲಿಲ್ಲ. ಕೊನೆಗೆ, ಏನಾದರೂ ಸರಿಮಾಡಬೇಕು ಎಂಬ ನನ್ನ ಹಳೆಯ ಚಾಳಿಯಲ್ಲೇ ಹೇಳಿದೆ. "ಇನ್ಮೇಲೆ ನಿನ್ನ ಪರದೆ ನಾನು ನೋಡ್ತೀನಮ್ಮ. ದಿನಾ ನೋಡ್ತೀನಿ."

"ಬೇಡ ಟೀಚರ್," ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ. "ನೀವು ಒಳ್ಳೇವ್ರು. ಆದ್ರೆ ನೀವು ನೋಡೋದು ಬೇಡ."

ಮರುದಿನದಿಂದ ನಾನು ನನ್ನ ಬಾಗಿಲೊಂದನ್ನು ಬಿಟ್ಟು ಎಲ್ಲೂ ಗುಡಿಸಲಿಲ್ಲ. ಯಾಕೆ ಎಂದು ಗಾರ್ಮೆಂಟ್ಸಿನವರ ಹೆಂಡತಿ ಕೇಳಿದಳು. ಸೊಂಟ ನೋವು ಎಂದೆ. ಆದರೆ ಬೆಳಿಗ್ಗೆ ಏಳಕ್ಕೆ ಅಡುಗೆಮನೆಯ ಕಿಟಕಿಯ ಪಕ್ಕ ಗೋಡೆಗೆ ಒರಗಿ ನಿಂತು, ಅವಳಿಗೆ ಕಾಣದ ಹಾಗೆ, ಪರದೆ ಎತ್ತಿ ಕಟ್ಟಿದೆಯೇ ಎಂದು ನೋಡುತ್ತಿದ್ದೆ. ಕಟ್ಟಿರುತ್ತಿತ್ತು. ಎಂಟು ದಿನ ಹಾಗೆ ನೋಡಿದೆ. ಒಂಬತ್ತನೆಯ ದಿನ ಪರದೆ ಇಳಿದಿತ್ತು. ಓಡಿ ಹೋಗಿ ಬಾಗಿಲು ಬಡಿದೆ. ಅವಳು ಕೈಯಲ್ಲಿ ಹಿಟ್ಟು ಮೆತ್ತಿಕೊಂಡೇ ಬಂದು ತೆರೆದು, ನನ್ನನ್ನು ನೋಡಿ, ಚೆನ್ನಾಗಿದ್ದೀನಿ ಟೀಚರ್ ಎಂದು ಮತ್ತೆ ಹಾಕಿಕೊಂಡಳು. ಅಂದಿನಿಂದ ಅವರು ಮನೆ ಖಾಲಿ ಮಾಡಿ ಹೋಗುವವರೆಗೂ ಅವಳು ಆ ಪರದೆಯನ್ನು ಎತ್ತಿ ಕಟ್ಟಲೇ ಇಲ್ಲ.